ಎದುರಾಳಿಯ ಮಾತು ಮೊದಲು

ಶ್ರವಣಬೆಳಗೊಳದ ಚಿಕ್ಕಬೆಟ್ಟದ ಮೇಲೆ ಪಾರ್ಶ್ವನಾಥ ಬಸದಿಯಿದೆ. ಅಲ್ಲಿನ ಕಂಬವೊಂದರ ಮೇಲೆ ಉದ್ದವಾದ ಸಂಸ್ಕೃತ ಶಾಸನವೊಂದನ್ನು ಕೊರೆದಿದ್ದಾರೆ. 1129ರಲ್ಲಿ ಸಲ್ಲೇಖನ ವ್ರತದಿಂದ ದೇಹ ಬಿಟ್ಟ ಮಲ್ಲಿಷೇಣ ಮಲಧಾರಿದೇವರೆಂಬ ಮುನಿಯ ನೆನಪಿಗೆ ನಿಂತ ಬರಹ ಇದು. ಬರೆದವನು ಮಲ್ಲಿನಾಥ, ಕಂಡರಿಸಿದವನು ಗಂಗಾಚಾರಿ. ಸತ್ತ ಮುನಿಯ ತಪಸ್ಸನ್ನಷ್ಟೇ ಹೊಗಳಿ ನಿಲ್ಲದೆ ಶಾಸನವು ಅವನ ಗುರುಪರಂಪರೆಯನ್ನು ಬಹಳ ಹಿಂದಿನಿಂದ ಎಣಿಸುತ್ತ ಬರುತ್ತದೆ. ಆ ಎಣಿಕೆಯಲ್ಲಿ ಮತ್ತೆ ಮತ್ತೆ ಕಣ್ಣಿಗೆ ಬೀಳುವ ಗುಣ ವಾದದ ಬಲ. ಸಮಂತಭದ್ರನು ಪಾಟಲಿಪುತ್ರದಲ್ಲಿ ಭೇರಿ ಬಾರಿಸಿ ವಾದಕ್ಕೆ ಕರೆದವನು; ಮಾಳವ, ಸಿಂಧು, ಠಕ್ಕ, ಕಾಂಚಿ, ವಿದಿಶೆಗಳನ್ನು ಸುತ್ತಿ, ವಿದ್ವಾಂಸರಿಂದ ತುಂಬಿದ ಕರಹಾಟಕಕ್ಕೆ ವಾದವನ್ನೇ ಬಯಸಿ ಬಂದವನು. ಅಕಲಂಕನು ಹಿಮಶೀತಲನೆಂಬ ರಾಜನ ಸಭೆಯಲ್ಲಿ ಬೌದ್ಧರನ್ನು ಗೆದ್ದವನು. ಮುನಿಯೊಬ್ಬನ ಮರಣಸ್ಮಾರಕದ ಮೇಲೆ ತರ್ಕದ ಗೆಲುವುಗಳ ಪಟ್ಟಿ ಯಾಕೆ ಬೇಕಾಯಿತು? ಈ ಪ್ರಶ್ನೆಯನ್ನು ಹಿಡಿದು ಹೊರಟರೆ ನಮ್ಮ ನಾಡಿನ ಹಳೆಯ ಪದ್ಧತಿಯೊಂದರ ಬುಡ ಸಿಗುತ್ತದೆ.

ಆ ಪದ್ಧತಿಯೇ ವಾದ. ಊರಿಗೆ ಬಂದ ವಿದ್ವಾಂಸ ಭೇರಿ ಹೊಡೆಸುವುದೋ, ತನ್ನ ಮತವನ್ನು ಬರೆದ ಓಲೆಯನ್ನು ಸಾರ್ವಜನಿಕವಾಗಿ ತೂಗುಹಾಕುವುದೋ ಆದರೆ ಅದೇ ಕರೆ. ಮುಂದಿನದೆಲ್ಲ ಕಟ್ಟುಪಾಡಿನ ಪ್ರಕಾರ. ಸತ್ಯವನ್ನು ತಿಳಿಯಲು ನಡೆಯುವ ಚರ್ಚೆ ವಾದ, ಗೆಲ್ಲಲು ನಡೆಯುವುದು ಜಲ್ಪ, ತನ್ನದೇನನ್ನೂ ಸ್ಥಾಪಿಸದೆ ಎದುರಿನವನದನ್ನು ಮುರಿಯುವುದಷ್ಟೇ ವಿತಂಡ ಎಂದು ನ್ಯಾಯಸೂತ್ರವೇ ವಿಂಗಡಿಸಿತ್ತು. ಸೋಲಿಗೆ ಕಾರಣವಾಗುವ ತಪ್ಪುಗಳು 22 ಎಂದು ಲೆಕ್ಕ ಕೊಟ್ಟಿತ್ತು: ಮೊದಲು ಹೇಳಿದ್ದನ್ನು ನಡುವೆ ಕೈಬಿಡುವುದು, ಕೇಳಿದ್ದಕ್ಕೆ ಉತ್ತರ ಕೊಡದಿರುವುದು, ವಿಷಯವನ್ನು ಜಾರಿಸುವುದು ಇಂಥವು. ಹದಿಮೂರನೆಯ ಶತಮಾನದಲ್ಲಿ ಉಡುಪಿಯ ಮಧ್ವಾಚಾರ್ಯರು ‘ಕಥಾಲಕ್ಷಣ’ವೆಂಬ ಪುಟ್ಟ ಗ್ರಂಥವನ್ನು ಇದಕ್ಕೆಂದೇ ಬರೆದರು. ತೀರ್ಪು ಹೇಳುವ ಪ್ರಾಶ್ನಿಕರು ರಾಗದ್ವೇಷ ಇಲ್ಲದವರಾಗಿರಬೇಕು, ಎಲ್ಲ ವಿದ್ಯೆ ಬಲ್ಲವರಾಗಿರಬೇಕು, ಬೆಸಸಂಖ್ಯೆಯಲ್ಲಿರಬೇಕು ಅಥವಾ ಒಬ್ಬನೇ ಇರಬೇಕು ಎಂಬುದು ಅದರ ವಿಧಿ. ಅಭಿಪ್ರಾಯ ಎರಡು ಪಾಲಾದರೆ ತೀರ್ಪು ನಿಂತುಹೋಗಬಾರದೆಂಬ ಎಚ್ಚರ ಅದು. ಸಭೆಯ ಈ ಕಟ್ಟುಪಾಡು ಗ್ರಂಥದೊಳಗೂ ಇಳಿಯಿತು. ಯಾವ ಶಾಸ್ತ್ರಗ್ರಂಥವನ್ನು ತೆರೆದರೂ ಮೊದಲು ಎದುರಾಳಿಯ ಮಾತು, ಪೂರ್ವಪಕ್ಷ, ಆಮೇಲೆ ಅದರ ಪರೀಕ್ಷೆ, ಕೊನೆಗೆ ಸಿದ್ಧಾಂತ. ಈ ಅನುಕ್ರಮ ಬರವಣಿಗೆಯ ಅಲಂಕಾರವಲ್ಲ. ನಮ್ಮಲ್ಲಿ ನೀತಿಗೂ ಬುದ್ಧಿಗೂ ಇರುವ ನಂಟು ಇದರಲ್ಲೇ ಅಡಗಿದೆ ಎಂಬುದು ಈ ಲೇಖನದ ವಾದ.

ಯಾವ ಪ್ರಶ್ನೆಗಾಗಿ ಅವರು ಇಷ್ಟು ಹೋರಾಡಿದರು ಎಂಬುದನ್ನು ಮೊದಲು ನೋಡಬೇಕು. ಆತ್ಮ ಇದೆಯೇ, ಜಗತ್ತು ನಿಜವೇ ಎಂಬ ಪ್ರಶ್ನೆಗಳ ತಳದಲ್ಲಿ ಇನ್ನೊಂದಿತ್ತು: ಮಾಡಬೇಕಾದದ್ದು ಯಾವುದು, ಮಾಡಬಾರದ್ದು ಯಾವುದು ಎಂದು ನಮಗೆ ತಿಳಿಯುವುದು ಎಲ್ಲಿಂದ? ಮೀಮಾಂಸಕರ ಉತ್ತರ ಬಹಳ ಗಟ್ಟಿಯಾದದ್ದು. ಪ್ರತ್ಯಕ್ಷಕ್ಕೆ ಸಿಗುವುದು ಈಗ ಇರುವ ವಸ್ತು ಮಾತ್ರ ಎಂದು ಜೈಮಿನಿಯ ನಾಲ್ಕನೆಯ ಸೂತ್ರ ಹೇಳಿತು. ಧರ್ಮವಾದರೋ ಇನ್ನೂ ಆಗದಿರುವುದು, ಮಾಡಿ ಮುಗಿಸಬೇಕಾದದ್ದು. ಕಣ್ಣು ‘ಇದೆ’ ಎನ್ನಬಲ್ಲದು, ‘ಮಾಡು’ ಎನ್ನಲಾರದು. ಪ್ರತ್ಯಕ್ಷದ ಮೇಲೆ ನಿಂತ ಅನುಮಾನವೂ ಅಷ್ಟೇ. ಹಾಗಾದರೆ ‘ಮಾಡು’ ಎನ್ನುವ ಮಾತೊಂದು ಬೇಕು. ಆ ಮಾತು ಮನುಷ್ಯನದಾದರೆ ಅವನ ತಪ್ಪು, ಆಸೆ, ಮೋಸಗಳೂ ಅದರೊಳಗೆ ಬಂದುಬಿಡುತ್ತವೆ. ಆದ್ದರಿಂದ ಯಾರೂ ರಚಿಸದ, ಅಪೌರುಷೇಯವಾದ ವೇದವೇ ಧರ್ಮಕ್ಕೆ ಪ್ರಮಾಣ. ಈ ವಾದಸರಣಿಯನ್ನು ಒಪ್ಪದವರೂ ಅದರ ಮೊದಲ ಹೆಜ್ಜೆಯನ್ನು ತಳ್ಳಿಹಾಕುವುದು ಕಷ್ಟ. ಇರುವುದನ್ನು ಎಷ್ಟು ನೋಡಿದರೂ ಇರಬೇಕಾದದ್ದು ಅದರಿಂದ ತಾನಾಗಿ ಹುಟ್ಟುವುದಿಲ್ಲ.

ಪರರಿಗೆ ಸುಖ ಕೊಡುವುದು ಧರ್ಮ, ನೋವು ಕೊಡುವುದು ಅಧರ್ಮ ಎಂದುಬಿಟ್ಟರೆ ಮುಗಿಯಲಿಲ್ಲವೇ? ಯಜ್ಞದಲ್ಲಿ ಪಶುವನ್ನು ಕೊಲ್ಲುವುದನ್ನು ಖಂಡಿಸಿದವರು ಈ ಅಳತೆಗೋಲನ್ನೇ ಎತ್ತಿ ಹಿಡಿಯುತ್ತಿದ್ದರು. ಏಳನೆಯ ಶತಮಾನದ ಕುಮಾರಿಲಭಟ್ಟ ‘ಶ್ಲೋಕವಾರ್ತಿಕ’ದಲ್ಲಿ ಅದನ್ನು ನೇರವಾಗಿ ಎದುರಿಸಿದ. ಸುಖದುಃಖವೇ ಅಳತೆಯಾದರೆ ಒಬ್ಬನೇ ಕೂತು ಮಾಡುವ ಜಪ ಧರ್ಮವೂ ಆಗದು, ಒಬ್ಬನೇ ಕೂತು ಕುಡಿಯುವ ಮದ್ಯ ಅಧರ್ಮವೂ ಆಗದು. ಎರಡರಿಂದಲೂ ಇನ್ನೊಬ್ಬರಿಗೆ ಸುಖವಿಲ್ಲ, ನೋವಿಲ್ಲ. ಅಷ್ಟೇ ಅಲ್ಲ, ಗುರುಪತ್ನಿಯನ್ನು ಕೂಡಿದವನು ಮನಸ್ಸು ಅಳುಕುತ್ತಿದ್ದರೂ ದೊಡ್ಡ ಧರ್ಮವನ್ನೇ ಮಾಡಿದಂತಾಗುತ್ತದೆ, ಯಾಕೆಂದರೆ ಅವನಿಂದ ಆದ ಸುಖ ದೊಡ್ಡದು. ಸುಖದುಃಖಗಳ ಮೊತ್ತ ಕೂಡಿ ನೀತಿಯನ್ನು ಅಳೆಯುವ ವಿಚಾರಕ್ಕೆ ಇಷ್ಟು ಚುರುಕಾದ ಆಕ್ಷೇಪ ಸಾವಿರದ ಮುನ್ನೂರು ವರ್ಷಗಳ ಹಿಂದೆಯೇ ಬಂದಿತ್ತೆಂಬುದು ನೆನಪಿಡಬೇಕಾದ ಸಂಗತಿ. ಕುಮಾರಿಲನ ತೀರ್ಮಾನ ಸ್ಪಷ್ಟ: ಅಳತೆ ನಮ್ಮ ಅನುಭವದಲ್ಲಿಲ್ಲ, ವಿಧಿಯಲ್ಲಿದೆ.

ವಿಚಿತ್ರವೆಂದರೆ, ವೇದವನ್ನು ಒಪ್ಪದ ಸಮಂತಭದ್ರನೂ ಅದೇ ಅಳತೆಗೋಲನ್ನು ಅದೇ ಬಗೆಯಲ್ಲಿ ಮುರಿಯುತ್ತಾನೆ. ಅವನ ‘ಆಪ್ತಮೀಮಾಂಸೆ’ ನೂರಹದಿನಾಲ್ಕು ಪದ್ಯಗಳ ಚಿಕ್ಕ ಕೃತಿ. ಅಕಲಂಕನ ‘ಅಷ್ಟಶತಿ’, ವಿದ್ಯಾನಂದನ ‘ಅಷ್ಟಸಹಸ್ರಿ’ ಎರಡೂ ಅದರ ವ್ಯಾಖ್ಯಾನಗಳು. ಪರರಿಗೆ ನೋವಾದರೆ ಪಾಪ, ಸುಖವಾದರೆ ಪುಣ್ಯ ಎಂಬುದೇ ನಿಯಮವಾದರೆ ಜಡವಸ್ತುವಿಗೂ ಪಾಪಪುಣ್ಯ ಅಂಟಬೇಕಾಗುತ್ತದೆ, ಯಾಕೆಂದರೆ ಕಾಲಿಗೆ ಚುಚ್ಚಿದ ಮುಳ್ಳೂ ನೋವಿಗೆ ನಿಮಿತ್ತವೇ. ತನಗೆ ತಾನು ನೋವು ಕೊಟ್ಟುಕೊಂಡರೆ ಪುಣ್ಯ ಎಂಬುದು ನಿಯಮವಾದರೆ ಆಸೆ ಅಳಿದ ಮುನಿಯೂ ತನ್ನ ತಪಸ್ಸಿನ ಕಷ್ಟದಿಂದ ಕರ್ಮಬಂಧಕ್ಕೆ ಸಿಗುತ್ತಾನೆ. ಇಲ್ಲಿಯವರೆಗೆ ಸಮಂತಭದ್ರನೂ ಕುಮಾರಿಲನೂ ಒಂದೇ ದಾರಿಯವರು. ಮುಂದೆ ದಾರಿ ಎರಡಾಗುತ್ತದೆ. ಕುಮಾರಿಲ ಹೊರಗಿನ ವಿಧಿಯ ಕಡೆ ತಿರುಗಿದರೆ ಸಮಂತಭದ್ರ ಒಳಗಿನ ಮನಸ್ಸಿನ ಕಡೆ ತಿರುಗುತ್ತಾನೆ. ನೋವು ಸುಖಗಳು ಯಾವ ಭಾವದಿಂದ ಹುಟ್ಟಿದವು, ಅದು ತಿಳಿಯಾದದ್ದೇ ಕದಡಿದ್ದೇ, ಅದರ ಮೇಲೆ ಪಾಪಪುಣ್ಯ ನಿಂತಿದೆ ಎಂಬುದು ಅವನ ಉತ್ತರ.

ಈ ಉತ್ತರವನ್ನು ಕನ್ನಡದ ಕಿವಿಗೆ ಮುಟ್ಟಿಸಿದವನು ಜನ್ನ. ಹೊಯ್ಸಳ ವೀರಬಲ್ಲಾಳನ ಆಸ್ಥಾನದಲ್ಲಿದ್ದ ಈ ಕವಿ 1209ರಲ್ಲಿ ‘ಯಶೋಧರಚರಿತೆ’ಯನ್ನು ಬರೆದ. ಹೆಂಡತಿ ಅಮೃತಮತಿ ಮಾವುತನಿಗೆ ಒಲಿದದ್ದನ್ನು ಕಣ್ಣಾರೆ ಕಂಡು ಮನಸ್ಸು ಮುರಿದ ಯಶೋಧರ, ಕೆಟ್ಟ ಕನಸು ಕಂಡೆನೆಂದು ತಾಯಿಗೆ ಹೇಳುತ್ತಾನೆ. ಶಾಂತಿಗಾಗಿ ಚಂಡಮಾರಿಗೆ ಪ್ರಾಣಿಬಲಿ ಕೊಡೆಂದು ತಾಯಿ ಒತ್ತಾಯಿಸುತ್ತಾಳೆ. ಕೊಲ್ಲಲು ಒಪ್ಪದ ಮಗ, ತಾಯಿಯ ಮಾತನ್ನು ಮೀರಲೂ ಆಗದೆ, ಹಿಟ್ಟಿನ ಕೋಳಿಯನ್ನು ಮಾಡಿಸಿ ಅದನ್ನು ಕಡಿಯುತ್ತಾನೆ. ಕತ್ತಿ ತಗಲಿದೊಡನೆ ಆ ಹಿಟ್ಟಿನ ಕೋಳಿ ಕೂಗುತ್ತದೆ. ಅಲ್ಲಿ ಯಾವ ಜೀವಕ್ಕೂ ನೋವಾಗಲಿಲ್ಲ, ಒಂದು ಹನಿ ರಕ್ತವೂ ಬೀಳಲಿಲ್ಲ. ಆದರೂ ತಾಯಿಮಗ ಇಬ್ಬರೂ ಜನ್ಮಜನ್ಮಾಂತರ ಪ್ರಾಣಿಗಳಾಗಿ ಹುಟ್ಟಿ, ಕೊಲೆಗೀಡಾಗಿ, ಬಳಲುತ್ತಾರೆ. ಕೊಲ್ಲುವ ಸಂಕಲ್ಪವೇ ಕೊಲೆ ಎಂಬ ಮಾತು ಇಲ್ಲಿ ಸೂತ್ರವಾಗಿ ಉಳಿಯದೆ ಹಿಟ್ಟಿನ ಗಂಟಲಿನಿಂದ ಹೊರಟ ಕೂಗಾಯಿತು. ಇದಕ್ಕೆ ಎದುರಾಗಿ, ಜನ್ನನ ನಂತರದ ತಲೆಮಾರುಗಳಲ್ಲಿ ಮಾಧ್ವ ಸಂಪ್ರದಾಯದವರು ಯಜ್ಞಕ್ಕೆ ಹಿಟ್ಟಿನ ಪಶುವನ್ನೇ ಬಳಸುವ ಪದ್ಧತಿಯನ್ನು ಹಿಡಿದರು. ಹಿಂಸೆಯೂ ತಪ್ಪಿತು, ವಿಧಿಯೂ ಉಳಿಯಿತು ಎಂಬುದು ಅವರ ನಿಲುವು. ಒಂದೇ ಹಿಟ್ಟಿನ ಮುದ್ದೆ ಒಬ್ಬರಿಗೆ ಪಾಪದ ಬೀಜ, ಇನ್ನೊಬ್ಬರಿಗೆ ಪಾಪದಿಂದ ಬಿಡುಗಡೆ. ನೀತಿಯ ಬೇರು ಸಂಕಲ್ಪದಲ್ಲಿದೆಯೋ ವಿಧಿಯಲ್ಲಿದೆಯೋ ಎಂಬ ಪ್ರಶ್ನೆ ಅಡುಗೆಮನೆಯ ಹಿಟ್ಟಿನವರೆಗೆ ಬಂದು ನಿಂತಿತ್ತು.

ಮಧ್ವರ ನಿಲುವಿನ ಹಿಂದೆಯೂ ಆಳವಾದ ತರ್ಕವಿದೆ. ‘ವಿಷ್ಣುತತ್ತ್ವವಿನಿರ್ಣಯ’ದಲ್ಲಿ ಅವರು ಎತ್ತುವ ಪ್ರಶ್ನೆ ಇದು: ಅಪೌರುಷೇಯ ವಾಕ್ಯವೇ ಇಲ್ಲವೆಂದರೆ ಎಲ್ಲ ಮತದವರೂ ಒಪ್ಪುವ ಧರ್ಮಾಧರ್ಮಗಳು ಸಿದ್ಧವಾಗುವುದು ಹೇಗೆ? ಧರ್ಮವೇ ಇಲ್ಲ ಎನ್ನುವವನು ಶಾಸ್ತ್ರ ಬರೆದರೆ ಅದರ ಪ್ರಯೋಜನವೇನು? ಲೋಕೋಪಕಾರ ಎಂದು ಅವನು ಹೇಳುವಂತಿಲ್ಲ, ಯಾಕೆಂದರೆ ಧರ್ಮವಿಲ್ಲವೆಂದು ತಿಳಿದ ಜನ ಒಬ್ಬರನ್ನೊಬ್ಬರು ಹಿಂಸಿಸಿ ಅಪಕಾರವೇ ಆದೀತು. ಇನ್ನು ಜ್ಞಾನದ ಬುಡದ ವಿಚಾರ. ಈ ತಿಳಿವು ಸರಿ ಎಂದು ಹೇಳಲು ಇನ್ನೊಂದು ತಿಳಿವು ಬೇಕು, ಅದಕ್ಕೆ ಮತ್ತೊಂದು ಬೇಕು ಎಂದು ಹೋದರೆ ಕೊನೆಯೇ ಇಲ್ಲ. ಆ ಸರಪಳಿ ಎಲ್ಲಿ ನಿಲ್ಲುತ್ತದೆ? ಸಾಕ್ಷಿಯಲ್ಲಿ ಎಂದರು ಮಧ್ವರು. ತನ್ನ ಸುಖವನ್ನೂ ನೋವನ್ನೂ ತಪ್ಪದೆ ಬಲ್ಲ ನಮ್ಮೊಳಗಿನ ಸಾಕ್ಷಿಯೇ ಕೊನೆಯ ನ್ಯಾಯಾಧೀಶ. ಧರ್ಮದ ಅರಿವಿಗೆ ಯಾರೂ ಬರೆಯದ ವಾಕ್ಯ, ಅರಿವಿನ ಪ್ರಾಮಾಣ್ಯಕ್ಕೆ ಒಳಗಿನ ಸಾಕ್ಷಿ, ಹೀಗೆ ಎರಡು ಕಂಬಗಳ ಮೇಲೆ ಅವರ ಮನೆ ನಿಂತಿತು.

ಜೈನರಿಗೆ ಈ ದಾರಿ ಒಪ್ಪಿಗೆಯಿರಲಿಲ್ಲ. ಯಾರೂ ಆಡದ ಮಾತು ಎಂಬುದೇ ಅವರಿಗೆ ಅರ್ಥವಿಲ್ಲದ ಮಾತು. ದೋಷವೆಲ್ಲ ಕಳೆದ, ಎಲ್ಲವನ್ನೂ ಬಲ್ಲ ಸರ್ವಜ್ಞನ ಮಾತೇ ಧರ್ಮಕ್ಕೆ ಆಧಾರ ಎಂದರು. ಕುಮಾರಿಲ ಇಲ್ಲೊಂದು ಗಂಟು ತೋರಿಸಿದ: ಆಗಮವನ್ನು ನಂಬಬೇಕಾದರೆ ಸರ್ವಜ್ಞ ಬೇಕು, ಅವನು ಸರ್ವಜ್ಞನೆಂದು ತಿಳಿಯಬೇಕಾದರೆ ಆಗಮ ಬೇಕು, ಒಂದಕ್ಕೊಂದು ಊರುಗೋಲು. ಅಕಲಂಕ ಈ ಗಂಟನ್ನು ಬಿಡಿಸಲು ಯತ್ನಿಸಿದ್ದು ತರ್ಕದ ಹೊಣೆಯನ್ನು ತಿರುಗಿಸಿ: ಸರ್ವಜ್ಞನಿಲ್ಲ ಎಂದು ಸಾಧಿಸುವ ಬಾಧಕ ಪ್ರಮಾಣ ಯಾವುದೂ ಇಲ್ಲವೆಂದು ಚೆನ್ನಾಗಿ ನಿಶ್ಚಯವಾದರೆ ಅದೇ ಸಾಧನೆ ಎಂದ. ಈ ಉತ್ತರ ಸಾಲದು ಎಂದು ಇಂದಿನ ಓದುಗ ಹೇಳಬಹುದು. ಅದಕ್ಕಿಂತ ಮುಖ್ಯವಾದದ್ದು ಬೇರೆಯಿದೆ. ‘ಆಪ್ತಮೀಮಾಂಸೆ’ ಆರಂಭವಾಗುವುದೇ ಒಂದು ನಿರಾಕರಣೆಯಿಂದ: ದೇವತೆಗಳು ಇಳಿದು ಬರುವುದು, ಆಕಾಶದಲ್ಲಿ ನಡೆಯುವುದು, ಚಾಮರ ಬೀಸಿಸಿಕೊಳ್ಳುವುದು ಇವುಗಳಿಂದ ನೀನು ನಮಗೆ ದೊಡ್ಡವನಲ್ಲ, ಇಂಥದ್ದನ್ನು ಮಾಯಾವಿಗಳೂ ತೋರಿಸುತ್ತಾರೆ ಎಂದು ಕವಿ ತನ್ನ ಜಿನನಿಗೇ ಹೇಳುತ್ತಾನೆ. ಯುಕ್ತಿಗೆ ವಿರೋಧವಾಗದ ಮಾತು ನಿನ್ನದು, ಆದ್ದರಿಂದ ನೀನು ಆಪ್ತ. ತಾನು ಪೂಜಿಸುವವನನ್ನೇ ಪರೀಕ್ಷೆಗೆ ಒಡ್ಡುವ ಧೈರ್ಯ ಇದು.

ಹನ್ನೆರಡನೆಯ ಶತಮಾನದ ಶರಣರು ಈ ಚರ್ಚೆಗೆ ಮೂರನೆಯ ದಾರಿ ತೆರೆದರು. ಓದಿದ ವಾಕ್ಯದ ಮೇಲಾಗಲಿ, ದೂರದ ಸರ್ವಜ್ಞನ ಮೇಲಾಗಲಿ ಭಾರ ಹಾಕದೆ ಅನುಭಾವವನ್ನೂ ನಡೆಯನ್ನೂ ಒರೆಗಲ್ಲಾಗಿ ಹಿಡಿದರು. ಧರ್ಮದ ಬೇರನ್ನು ಬಸವಣ್ಣ ದಯೆಯಲ್ಲಿ ಕಂಡ. ನುಡಿದಂತೆ ನಡೆಯದವನ ಅರಿವನ್ನು ವಚನಕಾರರು ಅರಿವೆಂದೇ ಒಪ್ಪಲಿಲ್ಲ. ಅದಕ್ಕಿಂತ ದೊಡ್ಡ ಬದಲಾವಣೆ ಚರ್ಚೆಯ ಭಾಷೆಯಲ್ಲಿ ಆಯಿತು. ಸಂಸ್ಕೃತದಲ್ಲಿ ನಡೆಯುತ್ತಿದ್ದ ಮಾತು ಕನ್ನಡಕ್ಕೆ ಬಂತು, ದೋಣಿ ನಡೆಸುವವನೂ ಬಟ್ಟೆ ಒಗೆಯುವವನೂ ಅದರಲ್ಲಿ ಪಾಲು ಪಡೆದರು. ಮುಂದೆ ಹದಿನೈದನೆಯ ಶತಮಾನದಲ್ಲಿ ವಚನಗಳನ್ನು ಸಂಕಲಿಸಿ ‘ಶೂನ್ಯಸಂಪಾದನೆ’ಯನ್ನು ಕಟ್ಟಿದವರು ಅದಕ್ಕೆ ಸಂವಾದದ ರೂಪವನ್ನೇ ಆರಿಸಿಕೊಂಡರು. ಅಲ್ಲಿ ಅಲ್ಲಮನು ಎಲ್ಲರನ್ನೂ ಪ್ರಶ್ನಿಸುತ್ತಾನೆ, ಅಕ್ಕಮಹಾದೇವಿಯನ್ನಂತೂ ಕಟುವಾಗಿಯೇ ಕೆಣಕುತ್ತಾನೆ. ಅವಳು ಉತ್ತರ ಕೊಟ್ಟೇ ಮನ್ನಣೆ ಪಡೆಯುತ್ತಾಳೆ.

ಇಷ್ಟು ಶತಮಾನಗಳ ಹೋರಾಟದ ನಂತರ ಒಮ್ಮತ ಬಂತೇ? ಬರಲಿಲ್ಲ. ವಿಧಿ ಎಂದವರು ವಿಧಿಯಲ್ಲೇ ಉಳಿದರು, ಸಂಕಲ್ಪ ಎಂದವರು ಸಂಕಲ್ಪದಲ್ಲೇ ಉಳಿದರು, ಅನುಭಾವ ಎಂದವರು ಅನುಭಾವದಲ್ಲೇ. ಹಾಗೆಂದು ಈ ಇತಿಹಾಸ ವ್ಯರ್ಥವೆನ್ನುವುದು ತಪ್ಪು. ಬುಡ ಎಲ್ಲಿದೆ ಎಂಬುದರಲ್ಲಿ ಒಪ್ಪದವರು ಒಂದು ನಡವಳಿಕೆಯಲ್ಲಿ ಒಪ್ಪಿದ್ದರು: ನಿನ್ನ ಮಾತನ್ನು ಮುರಿಯುವ ಮೊದಲು ಅದನ್ನು ನಿನ್ನಷ್ಟೇ ಚೆನ್ನಾಗಿ ನಾನು ಹೇಳಬೇಕು. ಇದಕ್ಕೆ ಸಾಕ್ಷಿ ಗ್ರಂಥಗಳ ಹಣೆಬರಹದಲ್ಲೇ ಇದೆ. ಚಿಕ್ಕಬೆಟ್ಟದ ಅದೇ ಕಂಬದ ಶಾಸನ ಪಾತ್ರಕೇಸರಿ ಎಂಬ ಜೈನ ಗುರುವನ್ನು ‘ತ್ರಿಲಕ್ಷಣಕದರ್ಥನ’ದ ಕರ್ತೃವೆಂದು ಹೊಗಳುತ್ತದೆ. ಸರಿಯಾದ ಹೇತುವಿಗೆ ಮೂರು ಲಕ್ಷಣ ಬೇಕೆಂದು ಬೌದ್ಧ ತಾರ್ಕಿಕರು ಹೇಳಿದ್ದರು. ಮೂರೂ ಇದ್ದರೂ ಹೇತು ಸುಳ್ಳಾಗಬಹುದು ಎಂದು ಈತ ತೋರಿಸಿದ. ಒಬ್ಬನ ಮಕ್ಕಳೆಲ್ಲ ಕಪ್ಪು. ಗರ್ಭದಲ್ಲಿರುವ ಮಗುವೂ ಅವನದೇ. ಆದ್ದರಿಂದ ಅದೂ ಕಪ್ಪು ಎಂಬ ಅನುಮಾನದಲ್ಲಿ ಮೂರು ಲಕ್ಷಣವೂ ಇದೆ, ನಿಶ್ಚಯ ಮಾತ್ರ ಇಲ್ಲ. ಬೇರೆ ರೀತಿಯಲ್ಲಿ ಆಗಲು ಸಾಧ್ಯವೇ ಇಲ್ಲ ಎಂಬ ಒಂದೇ ಲಕ್ಷಣ ಸಾಕು, ಅದಿಲ್ಲದೆ ಮೂರಿದ್ದೂ ಫಲವಿಲ್ಲ. ತರ್ಕದ ಬುಡಕ್ಕೇ ಕೈಹಾಕಿದ ಈ ಕೃತಿ ಇಂದು ಉಳಿದಿಲ್ಲ.

ಆದರೆ ಅದರ ವಾದ ಉಳಿದಿದೆ. ಯಾರ ಮತವನ್ನು ಅದು ಮುರಿಯಹೊರಟಿತ್ತೋ ಆ ಬೌದ್ಧರ ಪುಸ್ತಕದಲ್ಲೇ ಉಳಿದಿದೆ. ಎಂಟನೆಯ ಶತಮಾನದ ಶಾಂತರಕ್ಷಿತ ತನ್ನ ‘ತತ್ತ್ವಸಂಗ್ರಹ’ದಲ್ಲಿ ಪಾತ್ರಸ್ವಾಮಿಯ, ಎಂದರೆ ಇದೇ ಪಾತ್ರಕೇಸರಿಯ, ಮತವನ್ನು ಪದ್ಯಗಟ್ಟಲೆ ಹೇಳಿ ಆಮೇಲೆ ಉತ್ತರ ಕೊಡುತ್ತಾನೆ, ಅವನ ಶಿಷ್ಯ ಕಮಲಶೀಲ ವ್ಯಾಖ್ಯಾನ ಬರೆಯುತ್ತಾನೆ. ಕುಮಾರಿಲನ ‘ಬೃಹಟ್ಟೀಕೆ’ ಎಂಬ ಗ್ರಂಥವೂ ಕಳೆದುಹೋಗಿದೆ. ಅದರ ಪದ್ಯಗಳೂ ಹೆಚ್ಚಾಗಿ ಸಿಗುವುದು ಇದೇ ಬೌದ್ಧ ಗ್ರಂಥದ ಪೂರ್ವಪಕ್ಷದಲ್ಲಿ. ಇನ್ನು ಬೌದ್ಧಮತ ಈ ನೆಲದಿಂದ ಬಹುಮಟ್ಟಿಗೆ ಮರೆಯಾದ ಮೇಲೆ ‘ತತ್ತ್ವಸಂಗ್ರಹ’ದ ಸಂಸ್ಕೃತ ಮೂಲವನ್ನು ಕಾಪಾಡಿದವರು ಯಾರು? ಪಾಟಣ ಮತ್ತು ಜೈಸಲ್ಮೇರಿನ ಜೈನ ಭಂಡಾರಗಳವರು. ಅಲ್ಲಿ ಉಳಿದ ಹಸ್ತಪ್ರತಿಯ ಆಧಾರದಿಂದಲೇ 1926ರಲ್ಲಿ ಅದು ಬರೋಡಾದಲ್ಲಿ ಅಚ್ಚಾಯಿತು. ಮೀಮಾಂಸಕನ ಮಾತನ್ನೂ ಜೈನನ ಮಾತನ್ನೂ ಬೌದ್ಧ ಉಳಿಸಿದ, ಬೌದ್ಧನ ಪುಸ್ತಕವನ್ನು ಜೈನ ಉಳಿಸಿದ. ವೈರಿಯ ಮನೆಯ ದೀಪಕ್ಕೆ ಹೀಗೆ ಎಣ್ಣೆ ಹೊಯ್ದ ಪದ್ಧತಿಯನ್ನು ಬರೀ ಬುದ್ಧಿಯ ಕಸರತ್ತು ಎನ್ನಲಾಗದು. ವಿಜಯನಗರದ ಕಾಲದಲ್ಲೂ ಇದೇ ನಡೆಯಿತು. ವ್ಯಾಸತೀರ್ಥರ ‘ನ್ಯಾಯಾಮೃತ’ ಅದ್ವೈತವನ್ನು ಒಂದೊಂದೇ ಮಾತು ಹಿಡಿದು ಖಂಡಿಸಿತು. ಮಧುಸೂದನ ಸರಸ್ವತಿಯ ‘ಅದ್ವೈತಸಿದ್ಧಿ’ ಅದಕ್ಕೆ ಅದೇ ಕ್ರಮದಲ್ಲಿ ಮರುನುಡಿಯಿತು. ಅದಕ್ಕೆ ವ್ಯಾಸರಾಮಾಚಾರ್ಯರ ‘ತರಂಗಿಣಿ’ ಮತ್ತೆ ಉತ್ತರ ಕೊಟ್ಟಿತು. ಇವುಗಳಲ್ಲಿ ಒಂದನ್ನು ಸರಿಯಾಗಿ ಓದಬೇಕಾದರೆ ಇನ್ನೊಂದನ್ನು ಪಕ್ಕದಲ್ಲಿಟ್ಟುಕೊಳ್ಳಲೇಬೇಕು.

ಇದನ್ನೇ ನಾನು ನೀತಿ ಎನ್ನುವುದು. ಎದುರಾಳಿಯ ಮಾತನ್ನು ಸರಿಯಾಗಿ ಹೇಳು ಎಂಬ ನಿಯಮ ಯಾವ ತರ್ಕದಿಂದಲೂ ಹುಟ್ಟುವುದಿಲ್ಲ. ತರ್ಕವೇ ಆ ನಿಯಮದ ಮೇಲೆ ನಿಂತಿದೆ. ಸುಳ್ಳು ಪೂರ್ವಪಕ್ಷವನ್ನು ಗೆದ್ದವನು ಏನನ್ನೂ ಗೆದ್ದಿಲ್ಲ, ಏನನ್ನೂ ತಿಳಿದೂ ಇಲ್ಲ. ಅಕಲಂಕ ಗೆಲುವಿಗೆ ಕೊಟ್ಟ ಲಕ್ಷಣ ಇದನ್ನೇ ಹೇಳುತ್ತದೆ. ಎದುರಿನವನ ಬಾಯಿತಪ್ಪನ್ನು ಹಿಡಿದ ಮಾತ್ರಕ್ಕೆ ಜಯವಿಲ್ಲ. ತನ್ನ ಪಕ್ಷವನ್ನು ಸಾಧಿಸಿ ತೋರಿಸಿದಾಗ ಮಾತ್ರ ಜಯ ಎಂದು ಅವನು ಬೌದ್ಧ ತಾರ್ಕಿಕ ಧರ್ಮಕೀರ್ತಿಯ ನಿಯಮಗಳನ್ನು ವಿಮರ್ಶಿಸಿದ. ಚಿಕ್ಕಬೆಟ್ಟದ ಶಾಸನ ಅಕಲಂಕನ ಬಾಯಲ್ಲಿ ಆಡಿಸಿದ ಮಾತೂ ಗಮನಾರ್ಹ: ನಾನು ಅಹಂಕಾರದಿಂದಲ್ಲ, ದ್ವೇಷದಿಂದಲ್ಲ, ಆತ್ಮವಿಲ್ಲವೆಂಬ ನೈರಾತ್ಮ್ಯವನ್ನು ನಂಬಿ ಜನ ಹಾಳಾಗುತ್ತಾರೆಂಬ ಕರುಣೆಯಿಂದ ವಾದಿಸಿದೆ ಎನ್ನುತ್ತಾನೆ. ಅದೇ ಪದ್ಯದಲ್ಲಿ ಗೆದ್ದವನು ಕಾಲಿನಿಂದ ಒದ್ದ ಪ್ರಸಂಗವೂ ಇದೆ, ಕರುಣೆಗೂ ಒದೆತಕ್ಕೂ ಹೊಂದಿಕೆಯಿಲ್ಲ. ಆದರೂ ಗೆದ್ದವನು ತನ್ನ ಉದ್ದೇಶದ ಶುದ್ಧಿಯನ್ನು ಸಾರಲೇಬೇಕಿತ್ತು ಎಂಬುದು ಆ ಸಮಾಜ ಗೆಲುವಿನಿಂದ ಏನನ್ನು ಬೇಡುತ್ತಿತ್ತೆಂದು ತಿಳಿಸುತ್ತದೆ.

ಇದಕ್ಕೆ ಬಲವಾದ ಆಕ್ಷೇಪವೊಂದಿದೆ. ಇವೆಲ್ಲ ಪುಸ್ತಕದ ಮಾತು. ನೆಲದ ಮೇಲೆ ವಾದಗಳನ್ನು ತೀರ್ಮಾನಿಸಿದ್ದು ರಾಜನ ಬಲ, ಜನರ ಸಂಖ್ಯೆ ಎಂದು ಹೇಳಬಹುದು. ಹಾವೇರಿ ಜಿಲ್ಲೆಯ ಅಬ್ಬಲೂರಿನ ಶಾಸನ ಈ ಆಕ್ಷೇಪಕ್ಕೆ ತಕ್ಕ ಸಾಕ್ಷಿ. ಶಿವಭಕ್ತ ಏಕಾಂತದ ರಾಮಯ್ಯನಿಗೂ ಜೈನರಿಗೂ ಅಲ್ಲಿ ನಡೆದದ್ದು ತರ್ಕದ ಪಂದ್ಯವಲ್ಲ. ತಲೆ ಕಡಿದುಕೊಂಡು ಮತ್ತೆ ಪಡೆಯುತ್ತೇನೆ ಎಂಬ ಪಣ ಓಲೆಗೆ ಏರಿತು, ಏಳು ದಿನಗಳ ಮೇಲೆ ತಲೆ ಕೂಡಿತೆಂದು ಶಾಸನ ಹೇಳುತ್ತದೆ, ಜಿನಮೂರ್ತಿ ಒಡೆಯಿತು, ದೂರು ರಾಜ ಬಿಜ್ಜಳನವರೆಗೆ ಹೋಗಿ ಕೊನೆಗೆ ರಾಮಯ್ಯನಿಗೆ ಜಯಪತ್ರ ಸಿಕ್ಕಿತು. ಪವಾಡದಿಂದ ಹಿರಿಮೆ ಸಿದ್ಧವಾಗದೆಂದು ಸಮಂತಭದ್ರ ಹೇಳಿ ಶತಮಾನಗಳು ಕಳೆದಿದ್ದವು, ಆ ಮಾತು ಅಬ್ಬಲೂರಿನ ಬಸದಿಯನ್ನು ಉಳಿಸಲಿಲ್ಲ. ಈ ಸತ್ಯವನ್ನು ಮರೆಮಾಚಬಾರದು. ಆದರೆ ಇದರಿಂದ ಬರುವ ತೀರ್ಮಾನವೇನು? ಪದ್ಧತಿಯನ್ನು ಮುರಿದಲ್ಲಿ ಮೂರ್ತಿಗಳೂ ಮುರಿದವು. ಪದ್ಧತಿ ನಿಷ್ಪ್ರಯೋಜಕ ಎಂದು ಅಬ್ಬಲೂರು ಸಾಧಿಸುವುದಿಲ್ಲ. ಅದಿಲ್ಲದಿದ್ದರೆ ಏನಾಗುತ್ತದೆ ಎಂದು ತೋರಿಸುತ್ತದೆ. 1368ರಲ್ಲಿ ಜೈನರಿಗೂ ಶ್ರೀವೈಷ್ಣವರಿಗೂ ಜಗಳ ಎದ್ದು ಜೈನರು ವಿಜಯನಗರದ ಬುಕ್ಕರಾಯನಲ್ಲಿ ಮೊರೆಯಿಟ್ಟಾಗ ಅವನು ಜಯಪತ್ರ ಬರೆಯಲಿಲ್ಲ. ಜೈನರ ಕೈಯನ್ನು ವೈಷ್ಣವರ ಕೈಗಿಟ್ಟು, ಎರಡು ದರ್ಶನಗಳಲ್ಲಿ ಭೇದವಿಲ್ಲ, ಜೈನದರ್ಶನಕ್ಕೆ ಬಂದ ಹಾನಿಯನ್ನು ವೈಷ್ಣವರು ತಮಗೆ ಬಂದ ಹಾನಿಯೆಂದೇ ತಿಳಿಯಬೇಕು ಎಂದು ಶ್ರವಣಬೆಳಗೊಳದ ಕಲ್ಲಿನ ಮೇಲೆ ಬರೆಸಿದ. ತತ್ತ್ವದಲ್ಲಿ ಆ ದರ್ಶನಗಳಿಗೆ ಭೇದ ಇದ್ದೇ ಇತ್ತು. ರಾಜ ಕೇಳಿದ್ದು ತತ್ತ್ವದ ಒಮ್ಮತವನ್ನಲ್ಲ, ಭೇದವಿದ್ದೂ ಒಬ್ಬರನ್ನೊಬ್ಬರು ಉಳಿಸಿಕೊಳ್ಳುವ ನಡತೆಯನ್ನು.

ಎರಡನೆಯ ಆಕ್ಷೇಪ ಇನ್ನೂ ಕಠಿಣ. ಆ ಸಭೆಗಳಿಗೆ ಪ್ರವೇಶವಿದ್ದದ್ದು ಎಷ್ಟು ಜನಕ್ಕೆ? ಸಂಸ್ಕೃತ ಕಲಿಯಲು ಅವಕಾಶವೇ ಇಲ್ಲದ ಬಹುಪಾಲು ಜನರ ಪೂರ್ವಪಕ್ಷವನ್ನು ಯಾರೂ ಬರೆಯಲಿಲ್ಲ. ಇದು ನಿಜ, ಇದಕ್ಕೆ ಸಮಾಧಾನವಿಲ್ಲ, ಒಪ್ಪಿಕೊಳ್ಳುವುದೊಂದೇ ದಾರಿ. ಆದರೆ ಈ ಕೊರತೆಯನ್ನು ಆ ಪರಂಪರೆಯೊಳಗಿನವರೇ ಕಂಡಿದ್ದರು. ಹದಿನಾಲ್ಕನೆಯ ಶತಮಾನದಲ್ಲಿ ವೃತ್ತವಿಲಾಸ ಕನ್ನಡಕ್ಕೆ ತಂದ ‘ಧರ್ಮಪರೀಕ್ಷೆ’ಯ ಕಥೆಯಲ್ಲಿ ಮನೋವೇಗ, ಪವನವೇಗ ಎಂಬ ಗೆಳೆಯರು ಹುಲ್ಲು ಕಟ್ಟಿಗೆ ಮಾರುವವರ ವೇಷದಲ್ಲಿ ಪಾಟಲಿಪುತ್ರದ ವಾದಶಾಲೆಗೆ ಬಂದು ಭೇರಿ ಬಾರಿಸಿ ಚಿನ್ನದ ಪೀಠದ ಮೇಲೆ ಕೂರುತ್ತಾರೆ. ಯಾವ ಶಾಸ್ತ್ರದಲ್ಲಿ ವಾದ ಎಂದು ಪಂಡಿತರು ಕೇಳಿದಾಗ ಕಟ್ಟುಕಥೆಗಳನ್ನು ಹೇಳುತ್ತಾರೆ. ಇದು ಅಸಂಭವ ಎಂದು ಪಂಡಿತರು ಆಕ್ಷೇಪಿಸಿದರೆ, ನಿಮ್ಮ ಪುರಾಣದಲ್ಲೂ ಇಂಥದ್ದೇ ಇದೆಯಲ್ಲ ಎಂದು ತೋರಿಸುತ್ತಾರೆ. ಬುದ್ಧಿ ಹುಲ್ಲಿನ ಹೊರೆಯ ಕೆಳಗೂ ಇರಬಹುದು, ಪೀಠ ಅದಕ್ಕೂ ತೆರೆದಿರಬೇಕು ಎಂಬ ಕಲ್ಪನೆ ಆ ಕಥೆಯಲ್ಲಿದೆ. ವಚನಕಾರರು ಅದನ್ನು ಕಲ್ಪನೆಯಾಗಿ ಬಿಡದೆ ನಡೆಸಿ ತೋರಿಸಿದರು. ಹೊರಗಿಟ್ಟದ್ದು ತಪ್ಪು ಎಂದು ನಾವು ಇಂದು ಹೇಳುವಾಗಲೂ ಎಲ್ಲರ ಮಾತನ್ನೂ ಕೇಳಬೇಕಿತ್ತು ಎಂಬ ಅದೇ ನಿಯಮವನ್ನು ಬಳಸುತ್ತೇವೆ.

ಕೊನೆಯದಾಗಿ, ಪೂರ್ವಪಕ್ಷವನ್ನು ವಿಕಾರಗೊಳಿಸಿ ಬರೆದವರೂ ಇದ್ದರಲ್ಲ ಎನ್ನಬಹುದು. ಹನ್ನೆರಡನೆಯ ಶತಮಾನದ ಬ್ರಹ್ಮಶಿವನ ‘ಸಮಯಪರೀಕ್ಷೆ’ಯಲ್ಲಿ ಪರಮತಗಳ ಬಗ್ಗೆ ಪರೀಕ್ಷೆಗಿಂತ ಬೈಗುಳವೇ ಹೆಚ್ಚು ಕಡೆ ಮೇಲಾಗಿದೆ. ಚಾರ್ವಾಕರ ಮಾತು ನಮಗೆ ತಲುಪಿದ್ದು ಬಹುಪಾಲು ವೈರಿಗಳ ಬಾಯಿಂದ, ಎಷ್ಟೋ ಕಡೆ ಕುಂದಿಸಿಯೇ. ಆದರೆ ನಿಯಮ ಮುರಿದವನನ್ನು ತಪ್ಪುಗಾರ ಎನ್ನಬೇಕಾದರೂ ನಿಯಮ ಇರಬೇಕು. ವಿಧಿ, ಸಂಕಲ್ಪ, ಅನುಭಾವ, ಸಾಕ್ಷಿ ಇವುಗಳಲ್ಲಿ ನೀತಿಯ ಬುಡ ಯಾವುದೆಂದು ಕುಮಾರಿಲನಿಗೂ ಅಕಲಂಕನಿಗೂ ಮಧ್ವರಿಗೂ ಎಲ್ಲರೂ ಒಪ್ಪುವಂತೆ ಸಾಧಿಸಲಾಗಲಿಲ್ಲ, ನಮಗೂ ಆಗಿಲ್ಲ. ಆದರೆ ಸಾಧಿಸಲು ಕೂತವರೆಲ್ಲ ಮೊದಲು ಮಾಡಬೇಕಾದ ಕೆಲಸವೊಂದಿದೆ, ಅದನ್ನು ಮಾಡದವನಿಗೆ ಸಾಧನೆಯ ದಾರಿಯೇ ಇಲ್ಲ. ಇಂದು ನಮ್ಮ ಸಾರ್ವಜನಿಕ ಚರ್ಚೆಗಳಲ್ಲಿ ಉತ್ತರಪಕ್ಷಗಳು ಮಾತ್ರ ಎದುರುಬದುರು ಕೂಗುತ್ತಿವೆ, ಪೂರ್ವಪಕ್ಷ ಹೇಳುವವರು ವಿರಳ. ಶಾಲೆಯ ಚರ್ಚಾಸ್ಪರ್ಧೆಯಿಂದ ಶಾಸನಸಭೆಯವರೆಗೆ ಈ ಒಂದು ಕಟ್ಟುಪಾಡನ್ನು ಮರಳಿ ತರಬಹುದು: ಎದುರಿನವನ ಮಾತನ್ನು ಅವನು ‘ಹೌದು, ನಾನು ಹೇಳಿದ್ದು ಇದೇ’ ಎನ್ನುವಂತೆ ಹೇಳಿದ ಮೇಲೆಯೇ ನಮ್ಮ ಉತ್ತರ. ಅದಕ್ಕೆ ಹೊಸ ಕಾನೂನೂ ಬೇಡ, ಹಣವೂ ಬೇಡ. ಒಪ್ಪದವನನ್ನೂ ಸರಿಯಾಗಿ ಕೇಳುವುದು ನಮ್ಮ ಹಿರಿಯರು ಬಿಟ್ಟುಹೋದ ಸಾಲ. ಅದನ್ನು ತೀರಿಸುವುದು ನಮ್ಮ ಹೊಣೆ.